ಫೀ ಇಲ್ಲದ ಕಾಲೇಜಿಗೆ 12 ಲಕ್ಷ: ಜೇವರ್ಗಿ ತಾಲ್ಲೂಕಿನ ಹುಡುಗಿಯೊಬ್ಬಳ ಜರ್ಮನಿ ಎಂಎಸ್ ಪ್ರಕರಣ

ಜರ್ಮನಿಯಲ್ಲಿ ಓದು ಫ್ರೀ ಅನ್ನೋದು ಈಗ ಕಲಬುರಗಿಯಲ್ಲಿ ಎಲ್ಲರಿಗೂ ಗೊತ್ತು. ಫೀ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಬ್ಯಾಂಕ್ ಸಾಲ ಸಿಗೋದು ಕಷ್ಟ ಆಗಬಹುದು ಅನ್ನೋದು ಮಾತ್ರ ಗೊತ್ತಿಲ್ಲ. ಅದಕ್ಕೇ ಈ ಒಂದು ಪ್ರಕರಣವನ್ನು ಪೂರ್ತಿ ಬರೆದಿಡ್ತಾ ಇದ್ದೇನೆ. ಇದರಲ್ಲಿ ಹುಡುಗಿಯ ಹೆಸರಿಲ್ಲ, ಊರಿನ ಹೆಸರಿಲ್ಲ, ಬ್ಯಾಂಕಿನ ಹೆಸರೂ ಇಲ್ಲ. ಅಂಕಿಗಳು ಮತ್ತು ಕಾಗದಗಳ ಕಥೆ ಮಾತ್ರ ಇದ್ದದ್ದು ಇದ್ದ ಹಾಗೆ ಇದೆ.

ನನ್ನದು ಮಿನಿ ವಿಧಾನಸೌಧದ ಹತ್ತಿರ ಒಂದು ಆನ್‌ಲೈನ್ ಸೆಂಟರ್. ಪಹಣಿ, ಇಸಿ, ಆದಾಯ ಪ್ರಮಾಣಪತ್ರ, ಪಾಸ್‌ಪೋರ್ಟ್ ಅರ್ಜಿ, ಎಲ್ಲಾ ನಮ್ಮಲ್ಲೇ. ಹುಡುಗಿಯ ಅಪ್ಪ ನನ್ನ ಹಳೇ ದೋಸ್ತ. ಜೇವರ್ಗಿ ತಾಲ್ಲೂಕಿನಲ್ಲಿ ಎಂಟು ಎಕರೆ ಹೊಲ, ತೊಗರಿ ಬೆಳೆಯುತ್ತಾನೆ. ಮಗಳು ನನ್ನನ್ನು ಕಾಕಾ ಅಂತಾಳೆ. ಹಾಗಾಗಿ ಇವಳ ಕೆಲಸಕ್ಕೆ ನಾನು ಅಂಗಡಿಯವನಾಗಿ ಅಲ್ಲ, ಮನೆಯವನಾಗಿ ಓಡಾಡಿದ್ದು.

ಹುಡುಗಿಯ ಹಿನ್ನೆಲೆ ಇಷ್ಟು. ಕಲಬುರಗಿಯಲ್ಲೇ ವಿಟಿಯು ಅಡಿ ಇರುವ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್, 2018ರ ಸ್ಕೀಮು, 2022ರಲ್ಲಿ ಪಾಸು, ಸಿಜಿಪಿಎ 7.4. ಆಮೇಲೆ ಎರಡು ವರ್ಷ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಸಂಬಳ ಅಷ್ಟಕ್ಕಷ್ಟೆ, ಬಾಡಿಗೆ ಕಟ್ಟಿ ಉಳಿದದ್ದು ಕಡಿಮೆ. 2024ರ ಆಗಸ್ಟ್‌ನಲ್ಲಿ ಬಂದು, "ಕಾಕಾ, ಐಟಿಯಲ್ಲಿ ಎಂಎಸ್ ಮಾಡ್ತೀನಿ, ಹೊರಗ ಹೋಗ್ತೀನಿ" ಅಂದಳು. ಅಮೆರಿಕ ಅಂದರೆ ನಲವತ್ತು ಲಕ್ಷದ ಮಾತು ಅಂತ ಅವಳೇ ಮೊದಲೇ ಬಿಟ್ಟಿದ್ದಳು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಅಮೆರಿಕದವರು ಹೊಸ ಎಚ್-1ಬಿ (ಅಲ್ಲಿ ಕೆಲಸ ಮಾಡುವ ವೀಸಾ) ಅರ್ಜಿಗೆ ಒಂದು ಲಕ್ಷ ಡಾಲರ್ ಅಂತ ಘೋಷಿಸಿದಾಗ, ಅವಳ ಕ್ಲಾಸಿನ ಹುಡುಗರೆಲ್ಲ ಇವಳಿಗೆ ಫೋನ್ ಮಾಡಿ ಜರ್ಮನಿ ಬಗ್ಗೆ ಕೇಳಿದರಂತೆ. ಅದು ಆಮೇಲಿನ ಮಾತು.

ಕನ್ಸಲ್ಟೆನ್ಸಿ ಹತ್ತಿರ ಹೋಗಿದ್ದು

ಮೊದಲು ಅವಳು ಹೋಗಿದ್ದು ಹೈದರಾಬಾದಿನ ಒಂದು ಕನ್ಸಲ್ಟೆನ್ಸಿಗೆ. ನಮ್ಮ ಕಡೆಯವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ ಅಲ್ವಾ, ಬೆಳಗ್ಗೆ ಹೋಗಿ ರಾತ್ರಿ ಬರಬಹುದು. ಅವರು ಅರ್ಧ ಗಂಟೆಯಲ್ಲಿ ಎರಡು ಖಾಸಗಿ ವಿಶ್ವವಿದ್ಯಾಲಯಗಳ ಹೆಸರು ಕೊಟ್ಟರು. ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೂ ನಡೆಯುತ್ತೆ, ಸೀಟು ಗ್ಯಾರಂಟಿ, ವರ್ಷಕ್ಕೆ ಹತ್ತು ಸಾವಿರ ಯೂರೋ ಮೇಲೆ ಫೀ. ಇವಳು "ಸರ್ಕಾರಿ ವಿಶ್ವವಿದ್ಯಾಲಯ ಇಲ್ವಾ?" ಅಂತ ಕೇಳಿದ್ದಕ್ಕೆ "ನಿಮ್ಮ ಪ್ರೊಫೈಲಿಗೆ ಕಷ್ಟ" ಅಂದರು.

ಇಲ್ಲಿ ಒಂದು ವಿಷಯ ತಿಳಿದಿರಲಿ. ಖಾಸಗಿ ವಿಶ್ವವಿದ್ಯಾಲಯಗಳು ಹುಡುಗರನ್ನು ಕಳಿಸಿದ ಏಜೆಂಟರಿಗೆ ಕಮಿಷನ್ ಕೊಡುತ್ತವೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಫೀಯೇ ಇಲ್ಲ, ಕಮಿಷನ್ ಎಲ್ಲಿಂದ ಬರಬೇಕು? ಅವರು ಸುಳ್ಳು ಹೇಳಿದರು ಅಂತ ನಾನು ಹೇಳಲ್ಲ, ತಮಗೆ ದುಡ್ಡು ಬರುವ ಕಡೆ ದಾರಿ ತೋರಿಸಿದರು, ಅಷ್ಟೆ.

ಫ್ರೀ ಅನ್ನೋ ಮಾತಿಗೂ ಮಿತಿ ಇದೆ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಫೀ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದ ಸೆಮಿಸ್ಟರಿನಿಂದ ಹೊಸದಾಗಿ ಸೇರುವ ವಿದೇಶಿ ಮಾಸ್ಟರ್ಸ್ ವಿದ್ಯಾರ್ಥಿಗಳಿಗೆ ಸೆಮಿಸ್ಟರಿಗೆ 4,000ದಿಂದ 6,000 ಯೂರೋ ಹಾಕುತ್ತಿದೆ. ಉಳಿದ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸೆಮಿಸ್ಟರ್ ವಂತಿಗೆ ಮಾತ್ರ.

7.4 ಅಂದರೆ ಎಷ್ಟು?

ಸೀಟಿನ ವಿಷಯದಲ್ಲಿ ಎರಡು ಗಂಟು ಇದ್ದವು. ಮೊದಲನೆಯದು ಅಂಕ. ನಮ್ಮ ಅಂಕವನ್ನು ಅವರು ಒಂದು ಸೂತ್ರ ಹಾಕಿ ಬದಲಾಯಿಸಿಕೊಳ್ಳುತ್ತಾರೆ, ಬವೇರಿಯನ್ ಸೂತ್ರ ಅಂತಾರೆ. ಅತಿ ಹೆಚ್ಚಿನ ಅಂಕದಿಂದ ನಿಮ್ಮ ಅಂಕ ಕಳೆಯಬೇಕು. ಬಂದದ್ದನ್ನು, ಅತಿ ಹೆಚ್ಚಿನ ಅಂಕ ಮತ್ತು ಪಾಸಿನ ಕನಿಷ್ಠ ಅಂಕದ ನಡುವಿನ ವ್ಯತ್ಯಾಸದಿಂದ ಭಾಗಿಸಬೇಕು. ಅದನ್ನು ಮೂರರಿಂದ ಗುಣಿಸಿ, ಒಂದು ಸೇರಿಸಬೇಕು. ಅಲ್ಲಿ 1.0 ಅಂದರೆ ಅತ್ಯುತ್ತಮ, 4.0 ಅಂದರೆ ಬರೀ ಪಾಸು. ಅನೇಕ ಕೋರ್ಸುಗಳು 2.5ಕ್ಕಿಂತ ಚೆನ್ನಾಗಿರಬೇಕು ಅನ್ನುತ್ತವೆ.

ಈಗ ಇವಳ ಲೆಕ್ಕ ನೋಡಿ. ಹತ್ತಕ್ಕೆ 7.4. ಪಾಸಿನ ಕನಿಷ್ಠ 4 ಅಂತ ಹಿಡಿದರೆ 2.3 ಬರುತ್ತೆ. ಕನಿಷ್ಠ 5 ಅಂತ ಹಿಡಿದರೆ 2.56. ಒಂದರಲ್ಲಿ ಒಳಗೆ, ಇನ್ನೊಂದರಲ್ಲಿ ಹೊರಗೆ! ಅಂಕ ಅದೇ, ಹುಡುಗಿ ಅದೇ. ವಿಷಯ ಪಾಸಾಗಲು ಬೇಕಾದ 40 ಅಂಕವನ್ನು ನೋಡುತ್ತಾರಾ, ಪದವಿ ಸಿಗಲು ಬೇಕಾದ ಒಟ್ಟು ಸಿಜಿಪಿಎ ನೋಡುತ್ತಾರಾ ಅನ್ನೋದರ ಮೇಲೆ ಇದೆಲ್ಲ ನಿಂತಿದೆ. ಅದಕ್ಕೆ ಅವಳು ಒಂದೇ ತರದ ಕಡೆ ಅರ್ಜಿ ಹಾಕದೆ, 2.5 ಗಡಿ ಇರುವ ಕಡೆ ಕೆಲವು, ಗಡಿ ಸಡಿಲ ಇರುವ ಕಡೆ ಕೆಲವು ಹಾಕಿದಳು.

ಎರಡನೇ ಗಂಟು ಇನ್ನೂ ದೊಡ್ಡದು. ಅವಳ ಡಿಗ್ರಿ ಎಲೆಕ್ಟ್ರಾನಿಕ್ಸ್, ಬೇಕಾದದ್ದು ಐಟಿ. ನಮ್ಮಲ್ಲಿ ಯಾವ ಬ್ರಾಂಚ್ ಓದಿದರೂ ಸಾಫ್ಟ್‌ವೇರ್ ಕಂಪನಿಗೆ ಹೋಗಬಹುದು. ಅಲ್ಲಿ ಹಾಗಲ್ಲ. ಪ್ರೋಗ್ರಾಮಿಂಗಿನಲ್ಲಿ ಇಷ್ಟು ಕ್ರೆಡಿಟ್, ಗಣಿತದಲ್ಲಿ ಇಷ್ಟು, ಆಪರೇಟಿಂಗ್ ಸಿಸ್ಟಮ್ ಮತ್ತು ನೆಟ್‌ವರ್ಕ್‌ನಲ್ಲಿ ಇಷ್ಟು ಅಂತ ಲೆಕ್ಕ ಕೇಳುತ್ತಾರೆ. ಅದೂ ಇಸಿಟಿಎಸ್ ಅನ್ನೋ ಯುರೋಪಿನ ಕ್ರೆಡಿಟ್ ಲೆಕ್ಕದಲ್ಲಿ. ವಿಟಿಯು 2018ರ ಸ್ಕೀಮಿನಲ್ಲಿ ನಾಲ್ಕು ವರ್ಷಕ್ಕೆ ಒಟ್ಟು 175 ಕ್ರೆಡಿಟ್. ಅಲ್ಲಿ ವರ್ಷಕ್ಕೆ 60ರಂತೆ ನಾಲ್ಕು ವರ್ಷಕ್ಕೆ 240. ಹಾಗಾಗಿ ನಮ್ಮ ಒಂದು ಕ್ರೆಡಿಟ್ ಅಲ್ಲಿ ಸುಮಾರು 1.37 ಆಗುತ್ತೆ. ನಾಲ್ಕು ಕ್ರೆಡಿಟಿನ ಕಂಪ್ಯೂಟರ್ ನೆಟ್‌ವರ್ಕ್ಸ್ ಐದೂವರೆ ಆಯಿತು ಅನ್ನಿ.

ಕಂಪ್ಯೂಟರ್ ಸೈನ್ಸ್ ಅಂತ ಹೆಸರಿರುವ ಕೋರ್ಸುಗಳು ಅವಳನ್ನು ಈ ಲೆಕ್ಕದ ಮೇಲೇ ತಿರಸ್ಕರಿಸಿದವು. ಇನ್ಫರ್ಮೇಷನ್ ಟೆಕ್ನಾಲಜಿ ಅಂತ ಹೆಸರಿರುವ ಕೆಲವು ಕೋರ್ಸುಗಳು ಎಲೆಕ್ಟ್ರಾನಿಕ್ಸ್‌ನವರಿಗೂ ಬಾಗಿಲು ತೆರೆದಿರುತ್ತವೆ, ಸ್ಟುಟ್‌ಗಾರ್ಟಿನ ಇನ್ಫೋಟೆಕ್ ಅಂಥದ್ದು. ಫ್ರಾಂಕ್‌ಫರ್ಟಿನ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲೂ ಇಂಗ್ಲಿಷಿನಲ್ಲೇ ಐಟಿ ಮಾಸ್ಟರ್ಸ್ ಇದೆ. ಇವಳ ಅದೃಷ್ಟಕ್ಕೆ ಮೂರನೇ ವರ್ಷ ಇಲೆಕ್ಟಿವ್ ಆಗಿ ಆಪರೇಟಿಂಗ್ ಸಿಸ್ಟಮ್ ತೆಗೆದುಕೊಂಡಿದ್ದಳು, ಗೆಳತಿಯರು ತಗೊಂಡರು ಅಂತ ಸುಮ್ನೆ ತಗೊಂಡದ್ದು. ಅದೇ ಲೆಕ್ಕಕ್ಕೆ ಬಂತು. ಸಿಲಬಸ್ ಪುಸ್ತಕ ಮುಂದಿಟ್ಟುಕೊಂಡು ಪ್ರತಿ ವಿಷಯಕ್ಕೂ ಪಾಠಗಳೇನು, ಗಂಟೆ ಎಷ್ಟು, ಕ್ರೆಡಿಟ್ ಎಷ್ಟು ಅಂತ ಒಂದು ಕೋಷ್ಟಕ ಮಾಡಿದಳು. ನನ್ನ ಅಂಗಡಿಯಲ್ಲಿ ಕೂತೇ ಮಾಡಿದ್ದು, ಕರೆಂಟ್ ಹೋದಾಗ ಬೈದುಕೊಂಡು.

ಎಪಿಎಸ್ ಅನ್ನೋ ಪ್ರಮಾಣಪತ್ರದ ಬಗ್ಗೆ ಜಾಸ್ತಿ ಬರೆಯಲ್ಲ, ಅದು ಸಲೀಸಾಗಿ ಆಯಿತು. 2022ರ ನವೆಂಬರ್ 1ರಿಂದ ಭಾರತದ ವಿದ್ಯಾರ್ಥಿಗಳು ಜರ್ಮನ್ ವೀಸಾಕ್ಕೆ ಈ ಪ್ರಮಾಣಪತ್ರ ತೋರಿಸಲೇಬೇಕು, ಮಾರ್ಕ್ಸ್‌ಕಾರ್ಡು ಅಸಲಿಯೋ ನಕಲಿಯೋ ನೋಡುವ ಕೆಲಸ. ಫೀ 18,000 ರೂಪಾಯಿ. ಚಳಿಗಾಲ ಮುಗಿಯೋದರೊಳಗೆ ಬಂತು. ಐಇಎಲ್‌ಟಿಎಸ್ 6.5. ವಿದೇಶಿ ವಿದ್ಯಾರ್ಥಿಗಳ ಅರ್ಜಿ ನೋಡುವ ಯುನಿ-ಅಸಿಸ್ಟ್ ಅನ್ನೋ ಸಂಸ್ಥೆ ಮೂಲಕ ಅರ್ಜಿ, ಮೊದಲನೆಯದಕ್ಕೆ 75 ಯೂರೋ, ಆಮೇಲೆ ಒಂದೊಂದಕ್ಕೆ 30. ಇಂಜಿನಿಯರಿಂಗ್ ಸೀಟಿಗೆ ಕೆಲಸಕ್ಕೆ ಬಂದಿದ್ದ 371(ಜೆ), ಅಂದರೆ ಕಲ್ಯಾಣ ಕರ್ನಾಟಕದ ಮೀಸಲಾತಿ ಸರ್ಟಿಫಿಕೇಟ್, ಇಲ್ಲಿ ಲೆಕ್ಕಕ್ಕೆ ಬಾರದೆ ಫೈಲಿನಲ್ಲಿ ಸುಮ್ನೆ ಕೂತಿತ್ತು. 2025ರ ಜೂನ್ ಮೊದಲ ವಾರ ಸ್ಯಾಕ್ಸನಿ ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯದಿಂದ ಪ್ರವೇಶ ಪತ್ರ ಬಂತು. ಮನೆಯಲ್ಲಿ ಹೋಳಿಗೆ ಮಾಡಿದರು.

ಬ್ಯಾಂಕಿನಲ್ಲಿ ನಡೆದದ್ದು

ಅಸಲಿ ಪ್ರಕರಣ ಶುರುವಾಗೋದು ಇಲ್ಲಿಂದ.

ಜರ್ಮನಿ ಫೀ ಕೇಳಲ್ಲ, ಆದರೆ ಒಂದು ವರ್ಷ ಬದುಕಲು ದುಡ್ಡಿದೆ ಅಂತ ವೀಸಾಕ್ಕೆ ಮೊದಲೇ ತೋರಿಸಬೇಕು. ಬಾಯಲ್ಲಿ ಹೇಳಿದರೆ ಆಗಲ್ಲ. ಬ್ಲಾಕ್ಡ್ ಅಕೌಂಟ್ ಅಂತ ಒಂದು ಖಾತೆ ತೆರೆದು ಅದರಲ್ಲಿ 11,904 ಯೂರೋ ಇಡೋದು ಎಲ್ಲರೂ ಹಿಡಿಯುವ ದಾರಿ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ನಮ್ಮ ದುಡ್ಡನ್ನೇ ನಮಗೆ ವಾಪಸ್ ಕೊಡುತ್ತಾರೆ. 2024ರ ಸೆಪ್ಟೆಂಬರಿಗೆ ಮೊದಲು ಇದು 11,208 ಇತ್ತು.

ಇದನ್ನು ನಮ್ಮ ದೋಸ್ತನಿಗೆ ಅರ್ಥ ಮಾಡಿಸಿದ್ದು ತೊಗರಿ ಲೆಕ್ಕದಲ್ಲಿ. 2024-25ಕ್ಕೆ ತೊಗರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 7,550, ರಾಜ್ಯ ಸರ್ಕಾರ ಅದರ ಮೇಲೆ 450 ಸೇರಿಸಿತ್ತು, ಅಲ್ಲಿಗೆ 8,000. ಬ್ಲಾಕ್ಡ್ ಅಕೌಂಟಿಗೆ 12 ಲಕ್ಷ ಅಂದರೆ 150 ಕ್ವಿಂಟಲ್. ಅವನ ಎಂಟು ಎಕರೆಯಲ್ಲಿ ಮಳೆ ಸರಿಯಾಗಿ ಬಂದ ವರ್ಷ ಮೂವತ್ತು ಮೂವತ್ತೈದು ಕ್ವಿಂಟಲ್ ಆಗುತ್ತೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು "ಅಂದ್ರ ನಾಕೈದು ವರ್ಷದ್ದು ರಾಶಿ ಒಂದೇ ಸಲ ಇಡಬೇಕು" ಅಂದ. ಖರ್ಚು ಕಳೆಯದ ಲೆಕ್ಕ ಇದು, ಕಳೆದರೆ ಇನ್ನೂ ಜಾಸ್ತಿ ವರ್ಷ.

ಸರಿ, ಶಿಕ್ಷಣ ಸಾಲ. ಬ್ಯಾಂಕುಗಳು ಪಾಲಿಸುವ ಮಾದರಿ ಯೋಜನೆಯಲ್ಲಿ ಏಳೂವರೆ ಲಕ್ಷದವರೆಗೆ ಆಸ್ತಿ ಅಡವು ಕೇಳಲ್ಲ, ಅದರ ಮೇಲೆ ಹೋದರೆ ಆಸ್ತಿ ಬೇಕು. ಎರಡು ವರ್ಷಕ್ಕೆ ಅಂತ 20 ಲಕ್ಷಕ್ಕೆ ಅರ್ಜಿ ಹಾಕಿದೆವು. ಅಡವಿಗೆ ಹೊಲದ ಪಹಣಿ ತೆಗೆದುಕೊಂಡು ಹೋದರೆ ಮ್ಯಾನೇಜರ್ ಸಾಹೇಬ್ರು ನೋಡಲೂ ಇಲ್ಲ.

"ಎಂಟು ಎಕರೆ ಹೊಲ ಅದರಿ ಸಾಹೇಬ್ರ, ಕರಿ ಮಣ್ಣು" ಅಂದ ಇವನು.

"ಹೊಲ ನಡಿಯಂಗಿಲ್ಲ ಯಜಮಾನ್ರ. ಮನಿ, ಪ್ಲಾಟ್ ಇದ್ರ ತಗೊಂಡ್ ಬರ್ರಿ."

ಹೊರಗೆ ಬಂದ ಮೇಲೆ ದೋಸ್ತನಿಗೆ ಭಾರೀ ಸಿಟ್ಟು. ಬೆಳೆ ಸಾಲಕ್ಕೆ ಅದೇ ಹೊಲ ನಡೆಯುತ್ತೆ, ಮಗಳ ಓದಿಗೆ ನಡೆಯಲ್ಲ ಅಂದರೆ ಹೇಗೆ? ಕಾರಣ ಇದೆ. ಸಾಲ ಕಟ್ಟದಿದ್ದರೆ ಕೋರ್ಟಿಗೆ ಹೋಗದೆ ಆಸ್ತಿ ವಶಕ್ಕೆ ತಗೊಳ್ಳುವ ಅಧಿಕಾರವನ್ನು ಬ್ಯಾಂಕಿಗೆ ಕೊಟ್ಟಿರೋದು 2002ರ ಸರ್ಫೇಸಿ ಕಾಯ್ದೆ. ಆ ಕಾಯ್ದೆಯ 31ನೇ ಸೆಕ್ಷನ್ ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ರೈತನ ಹೊಲ ಉಳಿಯಲಿ ಅಂತ ಮಾಡಿದ ರಕ್ಷಣೆ ಅದು, ಒಳ್ಳೆಯದೇ. ಆದರೆ ಅದೇ ಕಾರಣಕ್ಕೆ ದೊಡ್ಡ ಶಿಕ್ಷಣ ಸಾಲಕ್ಕೆ ಹೊಲವನ್ನು ಬ್ಯಾಂಕುಗಳು ಸಾಮಾನ್ಯವಾಗಿ ಮುಟ್ಟಲ್ಲ. ಸಾಲದ್ದಕ್ಕೆ ಬೆಳೆ ಸಾಲದ ಬೋಜಾ, ಅಂದರೆ ಹೊಲದ ಮೇಲಿನ ಸಾಲದ ನಮೂದು, ಪಹಣಿಯಲ್ಲಿ ಕೂತಿತ್ತು.

ಊರಿನ ಮನೆ ಇತ್ತಲ್ಲ? ಇತ್ತು, ಕಲ್ಲಿನ ಗಟ್ಟಿ ಮನೆ, ಅಜ್ಜನ ಕಾಲದ್ದು. ಕಾಗದ ಇರಲಿಲ್ಲ. ಗ್ರಾಮಠಾಣಾ ಜಾಗ, ಇ-ಸ್ವತ್ತು (ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ) ಮಾಡಿಸಿರಲಿಲ್ಲ. ಫಾರಂ 9 ಮತ್ತು 11 ಇಲ್ಲದೆ ಬ್ಯಾಂಕಿನ ವಕೀಲರು ಫೈಲೇ ತೆಗೆಯಲ್ಲ. ಅದನ್ನು ಮಾಡಿಸಲು ಮೋಜಿಣಿ ನಕ್ಷೆ ಬೇಕು, ಸರ್ವೆಯರ್ ಬರಬೇಕು, ಅಜ್ಜನ ಹೆಸರಿನಿಂದ ಅಪ್ಪನ ಹೆಸರಿಗೆ ಬರಬೇಕು, ಅಜ್ಜನಿಗೆ ಇನ್ನೂ ಮೂವರು ಮಕ್ಕಳು. ಜೂನ್‌ನಲ್ಲಿ ಶುರು ಮಾಡಿ ಆಗಸ್ಟ್ ಒಳಗೆ ಮುಗಿಯುವ ಕೆಲಸ ಅಲ್ಲ ಅದು. ನನ್ನ ಅಂಗಡಿಗೆ ಬರುವ ಊರ ಮನೆಗಳ ಕಾಗದದಲ್ಲಿ ಈ ತೊಡಕು ದಿನಾ ನೋಡುತ್ತೇನೆ.

ಕೊನೆಗೆ ಉಳಿದದ್ದು ಹುಡುಗಿಯ ಸೋದರಮಾವನ ಪ್ಲಾಟು. ಕಲಬುರಗಿಯಲ್ಲಿ ಎನ್ಎ (ಕೃಷಿಯೇತರ) ಆದ ಲೇಔಟ್, ನಗರಾಭಿವೃದ್ಧಿ ಪ್ರಾಧಿಕಾರದ ಮಂಜೂರಾತಿ ಇದ್ದದ್ದು. ಸಂಬಂಧಿಕರ ಆಸ್ತಿಯನ್ನೂ ಒಪ್ಪುತ್ತೇವೆ ಅಂತ ಬ್ಯಾಂಕ್ ಹೇಳಿತು, ಅವರು ಜಾಮೀನು ನಿಲ್ಲಬೇಕು. ಮಾವ ಒಪ್ಪಿದ, ಆದರೆ ಸುಲಭಕ್ಕೆ ಅಲ್ಲ. ಅಕ್ಕನ ಮುಂದೆ ಕೂತು ನೇರ ಕೇಳಿದ: "ಅಕ್ಕಾ, ಪ್ಲಾಟ್ ಇಡ್ತೀನಿ, ಅದಕ್ಕೇನಿಲ್ಲ. ನಾಳಿ ನಮ್ಮ ಹುಡುಗನ ಮದುವಿಗೆ ಮಾರಬೇಕಂದ್ರ ಏನ್ ಮಾಡ್ಲಿ?" ಅತ್ತೆ ಒಳಗಿಂದ ಮಾತೇ ಆಡಲಿಲ್ಲ, ಪಾತ್ರೆ ಸದ್ದು ಮಾತ್ರ ಜೋರಾಗಿತ್ತು. ಎರಡು ದಿನ ಬಿಟ್ಟು ಹುಡುಗಿಯೇ ಹೋಗಿ ಅತ್ತೆಗೆ ಒಂದು ಕಾಗದದಲ್ಲಿ ಬರೆದು ತೋರಿಸಿದಳು, ಸಾಲ ಎಷ್ಟು, ಬಡ್ಡಿ ಎಷ್ಟು, ಕೆಲಸ ಸಿಕ್ಕರೆ ಎಷ್ಟು ವರ್ಷದಲ್ಲಿ ತೀರುತ್ತೆ, ಸಿಗದಿದ್ದರೆ ಏನಾಗುತ್ತೆ. ಸಿಗದಿದ್ದರೆ ಅನ್ನೋ ಸಾಲನ್ನೂ ಬರೆದಿದ್ದಕ್ಕೆ ಅತ್ತೆ ಒಪ್ಪಿದಳು ಅಂತ ನನ್ನ ಅಂದಾಜು.

ಆಸ್ತಿ ಸಿಕ್ಕಿತು. ಆಮೇಲೆ ಬಂತು ನೋಡಿ ನಿಜವಾದ ತಮಾಷೆ.

ಬ್ಯಾಂಕಿನ ಅರ್ಜಿಯಲ್ಲಿ ಮೊದಲ ಕಲಂ ಟ್ಯೂಷನ್ ಫೀ. ಇವಳು ಸೊನ್ನೆ ಬರೆದಳು. ಮ್ಯಾನೇಜರ್ ಸಾಹೇಬ್ರು ಕನ್ನಡಕ ತೆಗೆದು, "ಫೀನೇ ಇಲ್ಲಂದ್ರ ಸಾಲ ಯಾತಕ್ಕವ್ವಾ?" ಅಂದರು. ಅವರದ್ದು ತಪ್ಪಿಲ್ಲ. ಶಿಕ್ಷಣ ಸಾಲದ ನಡೆ ಹೀಗಿದೆ: ಕಾಲೇಜು ಫೀ ಪತ್ರ ಕೊಡುತ್ತೆ, ಬ್ಯಾಂಕ್ ನೇರ ಕಾಲೇಜಿನ ಖಾತೆಗೆ ಹಾಕುತ್ತೆ, ವಿದೇಶ ಆದರೆ ವೀಸಾ ಬಂದ ಮೇಲೆ ಹಾಕುತ್ತೆ. ಇಲ್ಲಿ ಫೀ ಪತ್ರ ಇಲ್ಲ. ದುಡ್ಡು ಹೋಗಬೇಕಾದದ್ದು ಕಾಲೇಜಿಗಲ್ಲ, ಹುಡುಗಿಯ ಹೆಸರಿನ ಖಾತೆಗೆ. ಅದೂ ವೀಸಾಕ್ಕೆ ಮೊದಲು, ಯಾಕಂದರೆ ಆ ಖಾತೆಯ ದಾಖಲೆ ಇಲ್ಲದೆ ವೀಸಾ ಅರ್ಜಿಯೇ ಆಗಲ್ಲ. ಬ್ಯಾಂಕ್ ವೀಸಾ ತಾ ಅನ್ನುತ್ತೆ, ವೀಸಾದವರು ದುಡ್ಡು ತೋರಿಸು ಅನ್ನುತ್ತಾರೆ. ಆ ಶಾಖೆಯಲ್ಲಿ ಇಂಥ ಕೇಸು ಮೊದಲನೆಯದು. ಅಮೆರಿಕದ ಫೈಲುಗಳನ್ನು ಅವರು ಸರಾಗ ಮಾಡುತ್ತಿದ್ದರು. ಅಲ್ಲಿ ಫೀ ಇದೆಯಲ್ಲ!

ನಾನು ಮತ್ತು ಹುಡುಗಿ ಕೂತು ಒಂದೇ ಪುಟದ ಪತ್ರ ಮಾಡಿದೆವು. ಉದ್ದ ಬರೆದರೆ ಯಾರೂ ಓದಲ್ಲ. ಅದರಲ್ಲಿದ್ದದ್ದು ಇಷ್ಟೇ: ಈ ಮೊತ್ತ ಕೇಳುವುದು ಜರ್ಮನ್ ಸರ್ಕಾರ, ಇದು ಓದಿನ ಕಾಲದ ಜೀವನ ವೆಚ್ಚ, ಶಿಕ್ಷಣ ಸಾಲದಲ್ಲಿ ಜೀವನ ವೆಚ್ಚಕ್ಕೆ ಅವಕಾಶ ಇದೆ, ವೀಸಾ ಸಿಗದಿದ್ದರೆ ನಿರಾಕರಣೆ ಪತ್ರ ತೋರಿಸಿ ದುಡ್ಡು ವಾಪಸ್ ಪಡೆಯಬಹುದು, ಅದು ಬಂದ ಖಾತೆಗೇ ಮರಳಲಿ ಅಂತ ನಾವು ಬರೆದು ಕೊಡುತ್ತೇವೆ. ಜೊತೆಗೆ ರಾಯಭಾರ ಕಚೇರಿಯ ಸೂಚನೆಯ ಪ್ರತಿ. ಮ್ಯಾನೇಜರ್ ಸಾಹೇಬ್ರು ತಾವಾಗಿಯೇ ನಿರ್ಧರಿಸಲಿಲ್ಲ, ಪ್ರಾದೇಶಿಕ ಕಚೇರಿಗೆ ಕಳಿಸಿದರು. ಅಲ್ಲಿಂದ ಎರಡು ಸಲ ಪ್ರಶ್ನೆ ಬಂತು. ವಕೀಲರ ಅಭಿಪ್ರಾಯ, ಪ್ಲಾಟಿನ ಬೆಲೆ ಕಟ್ಟುವವರು, ಇಸಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಡವು ನೋಂದಣಿ. ಜುಲೈ ಕೊನೆಗೆ ಮಂಜೂರಾಯಿತು, ವೀಸಾಕ್ಕೆ ಮೊದಲೇ ಹಣ ಬಿಡುಗಡೆಗೆ ಒಪ್ಪಿಗೆಯೂ ಬಂತು.

ಈ ತಡಕ್ಕೆ ಬೆಲೆ ಕಟ್ಟಬಹುದು. 2025ರ ಜನವರಿಯಲ್ಲಿ ಒಂದು ಯೂರೋ 90 ರೂಪಾಯಿಯ ಆಸುಪಾಸು ಇತ್ತು. ಆಗಸ್ಟ್ ಹೊತ್ತಿಗೆ 100 ದಾಟಿತ್ತು. ಹತ್ತು ಲಕ್ಷ ಎಪ್ಪತ್ತು ಸಾವಿರದಲ್ಲಿ ಆಗುತ್ತಿದ್ದದ್ದು 12 ಲಕ್ಷ ದಾಟಿತು. ಒಂದು ಲಕ್ಷ ಮೂವತ್ತು ಸಾವಿರದ ಹತ್ತಿರ ಜಾಸ್ತಿ. ಅದರಲ್ಲಿ ಜೂನ್‌ನಿಂದ ಆಗಸ್ಟ್‌ವರೆಗಿನ ಪಾಲು ಬರೀ ಕಾಗದ ಸಿದ್ಧ ಇರಲಿಲ್ಲ ಅನ್ನೋದಕ್ಕೆ. ಐಇಎಲ್‌ಟಿಎಸ್ ಕೋಚಿಂಗಿಗೆ ಸೇರುವ ಮೊದಲು ಮನೆಯ ಇ-ಸ್ವತ್ತು ಮಾಡಿಸಿ ಅಂತ ನಾನು ಈಗ ಅಂಗಡಿಗೆ ಬಂದ ಹುಡುಗರಿಗೆ ಹೇಳಿದರೆ ನಗುತ್ತಾರೆ. ನಗಲಿ.

ಟಿಸಿಎಸ್, ಅಂದರೆ ಹೊರದೇಶಕ್ಕೆ ದುಡ್ಡು ಕಳಿಸುವಾಗ ಬ್ಯಾಂಕ್ ಮೊದಲೇ ವಸೂಲಿ ಮಾಡುವ ತೆರಿಗೆ, ಅದರ ಬಗ್ಗೆ ಒಂದು ಮಾತು. 2025ರ ಏಪ್ರಿಲ್ 1ರಿಂದ ಬ್ಯಾಂಕಿನ ಶಿಕ್ಷಣ ಸಾಲದಿಂದ ಹೊರಗೆ ಕಳಿಸಿದರೆ ಟಿಸಿಎಸ್ ಇಲ್ಲ. ಸ್ವಂತ ದುಡ್ಡಿನಿಂದ ಓದಿಗೆ ಕಳಿಸಿದರೆ, ಆ ವರ್ಷದ ನಿಯಮದಲ್ಲಿ, ಹತ್ತು ಲಕ್ಷ ದಾಟಿದ ಮೇಲಿನ ಮೊತ್ತಕ್ಕೆ ಶೇ. 5 ಇತ್ತು. ಮಾವನ ಕೈಯಿಂದ ಕೈಗಡ ತೆಗೆದುಕೊಂಡು ಕಳಿಸಿಬಿಡೋಣ ಅಂತ ಒಂದು ಮಾತು ಬಂದಿತ್ತು, ಅದನ್ನು ಬಿಟ್ಟಿದ್ದು ಒಳ್ಳೆಯದಾಯಿತು.

ವೀಸಾ, ಭೀಮಾ

ಬೆಂಗಳೂರಿನ ವೀಸಾ ಅರ್ಜಿ ಕೇಂದ್ರ ವಿಎಫ್‌ಎಸ್‌ನಲ್ಲಿ ಆಗಸ್ಟ್‌ನಲ್ಲಿ ಅರ್ಜಿ. 75 ಯೂರೋ ಶುಲ್ಕ. ಕಾಯುವಾಗ ಹೆದರಿಕೆ ಇದ್ದದ್ದು ಒಂದಕ್ಕೆ: ನಿರಾಕರಿಸಿದರೆ ಅದೇ ಕಚೇರಿಗೆ ಮನವಿ ಕೊಟ್ಟು ಮತ್ತೆ ನೋಡಿ ಅನ್ನುವ ದಾರಿಯನ್ನು ಜರ್ಮನಿ 2025ರ ಜುಲೈ 1ರಿಂದ ಮುಚ್ಚಿತ್ತು. ಈಗ ಹೊಸ ಅರ್ಜಿ ಹಾಕಬೇಕು, ಇಲ್ಲ ಬರ್ಲಿನ್ನಿನ ಕೋರ್ಟಿಗೆ ಹೋಗಬೇಕು. ಸೆಪ್ಟೆಂಬರ್ ಮೂರನೇ ವಾರ ವೀಸಾ ಬಂತು.

ಅದೇ ಸೆಪ್ಟೆಂಬರ್ ಕೊನೆಗೆ ಮಹಾರಾಷ್ಟ್ರದ ಮಳೆ, ಜಲಾಶಯದ ನೀರು ಎಲ್ಲಾ ಸೇರಿ ಭೀಮಾ ಉಕ್ಕಿತು. ಕಲಬುರಗಿ, ಯಾದಗಿರಿ, ವಿಜಯಪುರದ ನದಿ ದಂಡೆಯ ಊರುಗಳಿಗೆ ನೀರು ನುಗ್ಗಿದ್ದು ಎಲ್ಲರಿಗೂ ನೆನಪಿರಬೇಕು. ದೋಸ್ತನ ಹೊಲ ದಂಡೆಗೆ ಅಂಟಿಕೊಂಡಿಲ್ಲ, ಆದರೂ ಆಗಸ್ಟ್‌ನಿಂದ ಬಿಡದ ಮಳೆಗೆ ತೊಗರಿ ನಿಂತಲ್ಲೇ ಕೊಳೆತಿತ್ತು. ಮಗಳು ಹೈದರಾಬಾದಿನಿಂದ ವಿಮಾನ ಹತ್ತಿದಾಗ ಅಪ್ಪನ ಹತ್ತಿರ ಆ ವರ್ಷದ ರಾಶಿಯ ಆಸೆ ಉಳಿದಿರಲಿಲ್ಲ.

ಇದು ಸಾಲಕ್ಕೆ ಹೇಗೆ ತಟ್ಟಿತು ಅಂದರೆ, ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ, ಬಡ್ಡಿ ಮಾತ್ರ ಬೆಳೆಯುತ್ತಿರುತ್ತೆ. 12 ಲಕ್ಷಕ್ಕೆ ಶೇ. 10ರ ಹತ್ತಿರ ಅಂದುಕೊಂಡರೆ ತಿಂಗಳಿಗೆ ಹತ್ತು ಸಾವಿರ. ಅದನ್ನು ತಿಂಗಳು ತಿಂಗಳು ಅಪ್ಪ ಕಟ್ಟುತ್ತಾ ಹೋಗೋದು ಅಂತ ಮನೆಯಲ್ಲಿ ತೀರ್ಮಾನ ಆಗಿತ್ತು, ಕಟ್ಟದಿದ್ದರೆ ಮೂರು ವರ್ಷಕ್ಕೆ ಮೂರು ಲಕ್ಷ ಅರವತ್ತು ಸಾವಿರ ಸಾಲದ ಮೇಲೆ ಕೂರುತ್ತೆ. ಬೆಳೆ ಹೋದ ಮೇಲೆ ಆ ತೀರ್ಮಾನ ನಿಲ್ಲಲಿಲ್ಲ. ಬಡ್ಡಿಗೆ ತೆರಿಗೆ ವಿನಾಯಿತಿ ಕೊಡುವ 80ಇ ಸೆಕ್ಷನ್ ಆದಾಯ ತೆರಿಗೆ ಕಾಯ್ದೆಯಲ್ಲಿ ಇದೆ ಅಂತ ಯಾರೋ ಹೇಳಿದರು. ತೆರಿಗೆಯೇ ಕಟ್ಟದ ರೈತನಿಗೆ ವಿನಾಯಿತಿ ಯಾತಕ್ಕೆ?

ಅಲ್ಲಿನ ಲೆಕ್ಕ

ಅವಳು ಹೋದ ಊರಲ್ಲಿ ಬಾಡಿಗೆ ಕಡಿಮೆ, ಹಾಸ್ಟೆಲ್ ಕೋಣೆ ತಿಂಗಳಿಗೆ 300 ಯೂರೋದ ಆಸುಪಾಸು. ಹೋದ ಎರಡು ವಾರದಲ್ಲಿ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಆಮೇಲೆ ಬ್ಯಾಂಕ್ ಖಾತೆ, ಅದಾದ ಮೇಲೇ ಬ್ಲಾಕ್ಡ್ ಅಕೌಂಟಿನಿಂದ ಮೊದಲ 992 ಬರೋದು. ಅಲ್ಲಿಯವರೆಗೆ ಕೈಯಲ್ಲಿ ಇದ್ದದ್ದರಲ್ಲೇ ನಡೆಯಬೇಕು, ಅವಳು 600 ಯೂರೋ ಬೇರೆ ಒಯ್ದಿದ್ದಳು. ಆರೋಗ್ಯ ವಿಮೆಗೆ ತಿಂಗಳಿಗೆ 140ರ ಮೇಲೆ ಹೋಗುತ್ತೆ, ಅದು ಕಡ್ಡಾಯ. ಅಡುಗೆ ತಾನೇ ಮಾಡಿಕೊಂಡರೆ ಒಟ್ಟು 700ರ ಒಳಗೆ ತಿಂಗಳು ಕಳೆಯುತ್ತೆ ಅಂತಾಳೆ. ಒಯ್ದ ಶೇಂಗಾ ಹಿಂಡಿ ನವೆಂಬರ್‌ಗೇ ಮುಗಿಯಿತಂತೆ.

ಓದಿನಲ್ಲಿ ಅವಳಿಗೆ ಅಡ್ಡ ಬಂದದ್ದು ಪರೀಕ್ಷೆಯ ನಿಯಮ. ವಿಟಿಯುದಲ್ಲಿ ಓದಿದವರಿಗೆ ಬ್ಯಾಕ್‌ಲಾಗ್ ಅಂದರೆ ಏನೋ ಒಂದು ನೆಗಡಿ, ಮುಂದಿನ ಸಲ ಬರೆದರಾಯಿತು. ಅಲ್ಲಿ ಒಂದು ವಿಷಯಕ್ಕೆ ಸಾಮಾನ್ಯವಾಗಿ ಮೂರೇ ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರೂ ಹೋದರೆ ಕೋರ್ಸಿನಿಂದಲೇ ಹೊರಗೆ, ಕೋರ್ಸು ಹೋದರೆ ಓದಿನ ಮೇಲೆ ಕೊಟ್ಟ ವಾಸದ ಅನುಮತಿಯೂ ಅಲುಗಾಡುತ್ತೆ. ಹಾಜರಿ ಯಾರೂ ಕೇಳಲ್ಲ, ಇಂಟರ್ನಲ್ ಅಂಕ ಇಲ್ಲ, ಸೆಮಿಸ್ಟರ್ ಕೊನೆಗೆ ಒಂದೇ ಪರೀಕ್ಷೆ. ಪರೀಕ್ಷೆಗೆ ತಾನೇ ಹೆಸರು ನೋಂದಾಯಿಸಬೇಕು, ಬೇಡ ಅನಿಸಿದರೆ ಗಡುವಿನ ಒಳಗೆ ವಾಪಸ್ ತಗೊಳ್ಳಬೇಕು.

ಮೊದಲ ಸೆಮಿಸ್ಟರಿನಲ್ಲಿ ನಾಲ್ಕಕ್ಕೆ ನೋಂದಾಯಿಸಿದ್ದಳು. ಒಂದು ವಿಷಯದಲ್ಲಿ ಪ್ರೋಗ್ರಾಮಿಂಗ್ ಬುನಾದಿ ಸಾಲುತ್ತಿಲ್ಲ ಅಂತ ಗೊತ್ತಾಗಿ ಗಡುವಿನ ಒಳಗೆ ಹಿಂದೆ ಸರಿದಳು. ಇದು ಅವಳು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು ಅಂತ ನನ್ನ ಅಭಿಪ್ರಾಯ, ನಮ್ಮ ಕಡೆ ಹುಡುಗರು ಪರೀಕ್ಷೆ ಬಿಡೋದನ್ನು ಅವಮಾನ ಅಂದುಕೊಂಡು ಹೋಗಿ ಕೂತು ಬರುತ್ತಾರೆ. ಮೂರು ಬರೆದಳು: 2.0, 2.7, 3.3. ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ "ಎರಡು ಬಂತಂದ್ರ ಫೇಲ್ ಏನವ್ವಾ?" ಅಂತ ಗಾಬರಿಯಾಗಿ ನನ್ನ ಅಂಗಡಿಗೆ ಬಂದಿದ್ದ.

ಕೆಲಸದ ವಿಷಯ. ವಿದ್ಯಾರ್ಥಿಗೆ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ಅವಕಾಶ. 2026ರ ಜನವರಿಯಿಂದ ಕನಿಷ್ಠ ಕೂಲಿ ಗಂಟೆಗೆ 13.90 ಯೂರೋ, ಮಿನಿಜಾಬ್ ಅಂತ ಕರೆಯುವ ಸಣ್ಣ ಕೆಲಸದಲ್ಲಿ ತಿಂಗಳಿಗೆ 603ರವರೆಗೆ. ಮೊದಲು ಒಂದು ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವ ಕೆಲಸ ಮಾಡಿದಳು. ಅದರಿಂದ ಓದು ಹಿಂದೆ ಬಿತ್ತು. ಏಪ್ರಿಲ್‌ನಿಂದ ವಿಶ್ವವಿದ್ಯಾಲಯದಲ್ಲೇ ಒಬ್ಬ ಪ್ರೊಫೆಸರ್ ಹತ್ತಿರ ಸಾಫ್ಟ್‌ವೇರ್ ಪರೀಕ್ಷಿಸುವ ಸಹಾಯಕಿ ಕೆಲಸ ಸಿಕ್ಕಿದೆ, ಅಲ್ಲಿ ಹೀವಿ ಅಂತಾರಂತೆ. ಅದರ ದಿನಗಳು ಆ 140ರಲ್ಲಿ ಲೆಕ್ಕಕ್ಕೆ ಬರಲ್ಲ. ಬೆಂಗಳೂರಿನ ಎರಡು ವರ್ಷದ ಟೆಸ್ಟಿಂಗ್ ಅನುಭವ ನೋಡಿಯೇ ಕೊಟ್ಟಿದ್ದು. ಆ ದುಡ್ಡಿನಿಂದ ಈಗ ಬಡ್ಡಿಯ ಹತ್ತು ಸಾವಿರ ಅವಳೇ ಕಳಿಸುತ್ತಿದ್ದಾಳೆ.

ಜೊತೆಗೆ ಜರ್ಮನ್ ಭಾಷೆ. ಕೋರ್ಸು ಇಂಗ್ಲಿಷಿನಲ್ಲಿ, ಆದರೆ ಊರು ಜರ್ಮನ್ನಿನಲ್ಲಿ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಉಳಿಯಬಹುದು. ಸಣ್ಣ ಕಂಪನಿಗಳಲ್ಲಿ ಭಾಷೆ ಬರದವರನ್ನು ಒಳಗೆ ಬಿಡೋದು ಕಷ್ಟ ಅಂತ ಅಲ್ಲಿನ ಸೀನಿಯರ್‌ಗಳು ಮೊದಲ ದಿನವೇ ಹೇಳಿದ್ದಾರೆ. ಭಾಷೆಯ ಹಂತಗಳಲ್ಲಿ ಎ2 ಮುಗಿಸಿದ್ದಾಳೆ, ಅದರ ಮುಂದಿನ ಬಿ1 ನಡೆಯುತ್ತಿದೆ.

ಈಗ ಎಲ್ಲಿದೆ ಪ್ರಕರಣ

ಎರಡನೇ ವರ್ಷದ ವಾಸದ ಅನುಮತಿಗೆ ಮತ್ತೆ ದುಡ್ಡು ತೋರಿಸಬೇಕು. ಮಂಜೂರಾದ 20 ಲಕ್ಷದಲ್ಲಿ ಉಳಿದ 8 ಲಕ್ಷದಿಂದ ಪೂರ್ತಿ ಬ್ಲಾಕ್ಡ್ ಅಕೌಂಟ್ ಆಗಲ್ಲ. ಆದರೆ ಸಹಾಯಕಿ ಕೆಲಸದ ಕರಾರು ಮತ್ತು ಸಂಬಳ ಚೀಟಿ ತೋರಿಸಿ, ಕಡಿಮೆ ಬಿದ್ದಷ್ಟು ಮಾತ್ರ ಖಾತೆಯಲ್ಲಿ ಇಟ್ಟರೆ ಒಪ್ಪುತ್ತಾರಾ ಅಂತ ಅಲ್ಲಿನ ವಿದೇಶಿಯರ ಕಚೇರಿಗೆ ಬರೆದಿದ್ದಾಳೆ. ಒಪ್ಪಿದರೆ ಎರಡನೇ ಕಂತಿನಲ್ಲಿ ನಾಲ್ಕು ಲಕ್ಷದ ಒಳಗೆ ತೆಗೆದರೆ ಸಾಕು. ಒಪ್ಪದಿದ್ದರೆ ಎಂಟೂ ತೆಗೆದು, ಉಳಿದದ್ದಕ್ಕೆ ಅವಳು ಕೂಡಿಟ್ಟ ಯೂರೋ ಸೇರಿಸಬೇಕು.

ಇಲ್ಲಿ ದೋಸ್ತ ತಮ್ಮಂದಿರನ್ನು ಕೂರಿಸಿ ಊರಿನ ಮನೆಯ ಇ-ಸ್ವತ್ತು ಮಾಡಿಸಿದ್ದಾನೆ, ಮೊನ್ನೆ ಫಾರಂ 9 ಕೈಗೆ ಬಂತು. ಮಾವನ ಪ್ಲಾಟ್ ಬಿಡಿಸಿ ಅದರ ಬದಲು ಮನೆ ಇಡೋಣ ಅಂತ ಬ್ಯಾಂಕಿಗೆ ಹೋದೆವು. ಬೆಲೆ ಕಟ್ಟುವವರು ಬಂದು ನೋಡಿ ಆರು ಲಕ್ಷ ಬರೆದರು. ಸಾಲಕ್ಕೆ ಅದು ಸಾಲಲ್ಲ, ಪ್ಲಾಟ್ ಅಲ್ಲೇ ಇರಲಿ ಅಂದರು ಮ್ಯಾನೇಜರ್ ಸಾಹೇಬ್ರು. ಮಾವನ ಮಗನಿಗೆ ಹೆಣ್ಣು ನೋಡುತ್ತಿದ್ದಾರೆ. ಮದುವೆ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ ಅಂತ ಹೇಳಲು ದೋಸ್ತನಿಗೆ ಬಾಯಿ ಬರುತ್ತಿಲ್ಲ, ನನ್ನನ್ನು ಕಳಿಸುತ್ತಿದ್ದಾನೆ. ಭಾನುವಾರ ಹೋಗಬೇಕು.